ಅಮಾವಾಸ್ಯೆಯ ದಿನ ಎಚ್ಚರವಾದ ಯಂತ್ರ

ನನ್ನ ಮೊಮ್ಮಗಳು ಗೆದ್ದಳು. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ನಿನ್ನೆ ಬೆಳಿಗ್ಗೆ ಎಮ್ಮಿಗನೂರಿನ ಕಡೆಯ ಕೊನೆಯ ತೂಬಿಗೆ, ಆಕೆಯ ಯಂತ್ರ ಹೇಳಿದ ಹೊತ್ತಿಗೇ ನೀರು ಬಂತು. ನಾನು ಅಲ್ಲೇ ದಂಡೆಯ ಮೇಲೆ ನಿಂತಿದ್ದೆ. ಮೊದಲು ಒಣ ಎಲೆ, ಕಸ, ನೊರೆ ಬಂದವು. ಅವುಗಳ ಬೆನ್ನಿಗೆ ಕೆಂಪು ನೀರು. ಮಧ್ಯಾಹ್ನ ನೀರು ಬಳಕೆದಾರರ ಸಂಘದವರು ಕೂತು, ಇನ್ನು ಮುಂದೆ ಈ ಉಪಕಾಲುವೆಯ ನೀರಿನ ಸುದ್ದಿಯನ್ನು ಈ ಹುಡುಗಿಯ ಯಂತ್ರವೇ ಹೇಳಲಿ ಎಂದು ಠರಾವು ಬರೆದು ಆಕೆಯ ಕೈಗೆ ಕೊಟ್ಟರು. ಅದನ್ನು ನಾನು ಬರುವಾಗ ಬಸ್ಸಿನ ಕಂಡಕ್ಟರನಿಗೂ ತೋರಿಸಿದೆ. ಅವನು ಕೇಳಿದ್ದು ಟಿಕೆಟ್ಟು.

ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಕಾಲುವೆಯ ಮೇಲೆ ಲಸ್ಕರ್ ಆಗಿದ್ದೆ. ಲಸ್ಕರ್ ಎಂದರೆ ದಂಡೆ ತಿರುಗುವವನು, ತೂಬು ಎತ್ತಿ ಇಳಿಸುವವನು. ಆಗ ನಾನು ಬರೆಯುತ್ತಿದ್ದದ್ದು ಗೇಜು ಕಲ್ಲಿನ ಮೇಲೆ ಕಾಣುವ ನೀರಿನ ಅಡಿ, ಅಂಗುಲ ಅಷ್ಟೇ. ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಹಿಗ್ಗು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಅದಕ್ಕೇ. ಆದರೆ ಈ ಹಿಗ್ಗಿನ ಪಕ್ಕದಲ್ಲಿ ಇನ್ನೊಬ್ಬ ಕೂತಿದ್ದಾನೆ. ಅವನನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ಅವನು ನನ್ನ ಮಗ, ಆ ಹುಡುಗಿಯ ಅಪ್ಪ. ತೀರಿಕೊಂಡು ನಾಲ್ಕು ವರ್ಷವಾಯಿತು.

ಮೇಲೆ ಬಿಟ್ಟ ನೀರು ಬಿಟ್ಟ ಕೂಡಲೇ ಕೊನೆಯ ಹೊಲಕ್ಕೆ ಬರುವುದಿಲ್ಲ. ಒಣಗಿದ ಕಾಲುವೆ ಮೊದಲು ತಾನು ಕುಡಿಯುತ್ತದೆ. ಹೂಳು ತುಂಬಿದ ಕಡೆ ನೀರು ತಡೆಯುತ್ತದೆ. ಮೇಲಿನ ಹೊಲದವರು ಒಂದು ಕೈ ಹೆಚ್ಚಿಗೆ ಎಳೆದುಕೊಳ್ಳುತ್ತಾರೆ. ನಾನು ನೀರಿನ ಮೂತಿಯ ಜೊತೆಜೊತೆಗೆ ಸೈಕಲ್ ತುಳಿದು, ಯಾವ ಗೇಜಿನಲ್ಲಿ ಎಷ್ಟಿದ್ದರೆ ಕೊನೆಯ ತೂಬಿಗೆ ಯಾವಾಗ ಮುಟ್ಟುತ್ತದೆ ಎನ್ನುವುದನ್ನು ಕಾಲಿನಲ್ಲೇ ಕಲಿತಿದ್ದೆ. ಮಗ ಚಿಕ್ಕವನಿದ್ದಾಗ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಬರುತ್ತಿದ್ದ. ಮುಂದೆ ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ನನ್ನ ಆ ಲೆಕ್ಕವನ್ನೆಲ್ಲ ಕೇಳಿ ಕೇಳಿ ಕಂಪ್ಯೂಟರಿಗೆ ಹಾಕಿದ. ಗೇಜಿನ ಅಳತೆ ಫೋನಿನಲ್ಲಿ ಬರುತ್ತಿತ್ತು. ಕಂಪ್ಯೂಟರ್ ಲೆಕ್ಕ ಹಾಕಿ, ಇಂಥ ಹೊತ್ತಿಗೆ ನೀರು ಬರುತ್ತದೆ ಎಂದು ಕೊನೆಯ ಹೊಲದವರ ಫೋನಿಗೆಲ್ಲ ಮೆಸೇಜ್ ಕಳಿಸುತ್ತಿತ್ತು. ಕೆಳಗೆ ‘ಲಸ್ಕರನ ಮಗ’ ಎಂದು ಇರುತ್ತಿತ್ತು. ಅದೇ ಅವನ ಸಹಿ.

ಆಸ್ಪತ್ರೆಗೆ ಹೊರಟ ದಿನ ಅವನು ಅಂಗಡಿಯ ಕಂಪ್ಯೂಟರಿನ ಮುಂದೆ ಏನೋ ಬಡಿಯುತ್ತಿದ್ದ. ಆಟೋ ಬಂತೆಂದು ನಾನು ಕರೆದೆ. “ತಡಿಯಪ್ಪಾ, ಇದನ್ನ ಮಲಗಿಸಿ ಬರ್ತೀನಿ. ಮೂರು ದಿನದಾಗ ಬಂದು ಎಬ್ಬಿಸಿದ್ರಾತು,” ಎಂದ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಬರಲಿಲ್ಲ.

ಅಂಗಡಿ ಖಾಲಿ ಮಾಡಿದಾಗ ಆ ಕಂಪ್ಯೂಟರನ್ನು ಮನೆಗೆ ತಂದು ದೇವರ ಕೋಣೆಯ ಪಕ್ಕದಲ್ಲಿ ಬಟ್ಟೆ ಹೊದಿಸಿ ಇಟ್ಟೆವು. ಎರಡು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಮೊಮ್ಮಗಳು ಇಲ್ಲೇ ಹೊಸಪೇಟೆಯಲ್ಲಿ ಇಂಜಿನಿಯರಿಂಗ್ ಸೇರಿದ ಮೇಲೆ ಒಂದು ಭಾನುವಾರ ಬಟ್ಟೆ ತೆಗೆದಳು. ಸ್ವಲ್ಪ ಹೊತ್ತು ನೋಡಿ ನನ್ನನ್ನು ಕರೆದಳು.

“ತಾತ, ಇದರೊಳಗ ಇನ್ನೊಂದು ಕಂಪ್ಯೂಟರ್ ಮಲಗೈತಿ.”

“ದೆವ್ವನಾ?”

“ದೆವ್ವ ಅಲ್ಲ, ಬಾಡಿಗಿದಾರ. ವರ್ಚುವಲ್ ಮಷೀನ್ ಅಂತಾರ. ಈ ಡಬ್ಬಿ ಮನಿ ಇದ್ದಂಗ. ಒಳಗಿಂದು ಬರೇ ಬರವಣಿಗಿ, ಅದಕ್ಕ ಮೈ ಇಲ್ಲ. ಆದ್ರ ಅದಕ್ಕ ಅದು ಗೊತ್ತಿಲ್ಲ. ತನಗೂ ಮೈ ಐತಿ ಅಂತ ತಿಳಕೊಂಡಿರ್ತೈತಿ.”

“ಮೈ ಇಲ್ಲದ್ದು, ಮೈ ಐತಿ ಅನ್ಕೊಂಡದ್ದು. ಅದನ್ನ ನಮ್ಮ ಕಡಿ ದೆವ್ವ ಅಂತನಾ ಅನ್ನೋದವ್ವಾ.”

ಆಕೆ ನಗುತ್ತ ಅದನ್ನು ಎಬ್ಬಿಸಿದಳು. ನಗು ಅಲ್ಲಿಗೇ ನಿಂತಿತು. ಪರದೆಯ ಮೇಲೆ ಮಗ ಬಿಟ್ಟುಹೋದದ್ದು ಬಿಟ್ಟಲ್ಲೇ ಇತ್ತು. ಮೂಲೆಯಲ್ಲಿ ಅದೇ ದಿನದ ತಾರೀಖು, ಅದೇ ಮಧ್ಯಾಹ್ನದ ಹೊತ್ತು. ನಡುವೆ ಅವನು ಹೊಡೆಯುತ್ತಿದ್ದ ಮೆಸೇಜು: ‘ನಾಳೆ ಮುಂಜಾನೆ ಮತ್ತೆ ನೀರು ಬಿಡ್ತಾರ. ಕೊನೀ ಹೊಲದವರು ಮದಲ’. ಅಲ್ಲಿಗೆ ನಿಂತಿತ್ತು. ಆ ಅಕ್ಷರದ ಪಕ್ಕದಲ್ಲಿ ಒಂದು ಸಣ್ಣ ಗೆರೆ ಮಿಟುಕುತ್ತಿತ್ತು, ಬರೆಯುವವನು ಟೀ ಕುಡಿಯಲು ಎದ್ದುಹೋಗಿದ್ದಾನೆ, ಈಗ ಬಂದಾನು ಎನ್ನುವ ಹಾಗೆ. ಹಿಂದೆ ತಿರುಗಿ ಬಾಗಿಲ ಕಡೆ ನೋಡಿದೆ. ನೋಡಬಾರದೆಂದು ಗೊತ್ತಿದ್ದೂ ನೋಡಿದೆ.

ಅದರ ಒಂದು ನಕಲು ತೆಗೆದು, ನಕಲಿನ ಗಡಿಯಾರ ಸರಿಮಾಡಿ, ಅಪ್ಪನ ಕೆಲಸವನ್ನು ಆಕೆ ಮತ್ತೆ ಶುರುಮಾಡಿದಳು. ಒಂದೇ ಕಂಪ್ಯೂಟರಿನ ಮೇಲೆ ಭಾರ ಹಾಕಲಿಲ್ಲ, ಮೂರು ಊರಿಗೆ ಹಂಚಿದಳು. ನಮ್ಮ ಮನೆಗೆ ತಂದ ಹೊಸದು ಗೇಜಿನ ಅಳತೆಗಳನ್ನು ಕೂಡಿಹಾಕುತ್ತದೆ. ಕಂಪ್ಲಿಯಲ್ಲಿ ಆಕೆಯ ಸೋದರಮಾವನ ಗೊಬ್ಬರದ ಅಂಗಡಿಯಲ್ಲಿರುವುದು ಲೆಕ್ಕ ಮಾಡಿ ಮೆಸೇಜ್ ಕಳಿಸುತ್ತದೆ. ಸಂಡೂರಿನಲ್ಲಿ ನನ್ನ ಮಗಳ ಮನೆಯದು, ಇವೆರಡರಲ್ಲಿ ಒಂದು ಕೈಕೊಟ್ಟರೆ ಇರಲಿ ಎಂದು. ನನ್ನ ಮಗಳು ಅಲ್ಲಿ ಟೀಚರು.

ಇದೆಲ್ಲ ನನಗೆ ಹೇಗೆ ತಿಳಿಯಿತು ಎಂದರೆ, ಆಕೆ ಕಾಲುವೆಯ ಮಾತಿನಲ್ಲಿ ಹೇಳಿದಳು. ಒಂದು ಕಾಲುವೆಯಿಂದ ನಾಲ್ಕು ತೂಬು ಒಡೆದರೆ ಪ್ರತಿ ಹೊಲದವನೂ ಕಾಲುವೆ ತನ್ನದೇ ಎಂದುಕೊಳ್ಳುತ್ತಾನಲ್ಲ, ಹಾಗೆ ಒಂದು ಡಬ್ಬಿಯಲ್ಲಿ ನಾಲ್ಕು ಯಂತ್ರ ಇರಬಹುದು. ನಡುವೆ ಬದು ಗಟ್ಟಿ ಇದ್ದರೆ ಒಂದು ಹೊಲ ತುಂಬಿದರೂ ಪಕ್ಕದ ಹೊಲ ಮುಳುಗುವುದಿಲ್ಲ. ಒಂದು ಯಂತ್ರ ಕೆಟ್ಟರೆ ಪಕ್ಕದ್ದಕ್ಕೆ ತಗಲುವುದಿಲ್ಲ. ಹತ್ತು ವರ್ಷದ ಹಳೆಯ ಕೆಲಸವನ್ನು ಒಂದಕ್ಷರ ಬದಲಿಸದೆ ಹೊಸ ಡಬ್ಬಿಯಲ್ಲಿ ಕೂರಿಸಬಹುದು. ಓಡುತ್ತಿರುವಾಗಲೇ ಒಂದು ಡಬ್ಬಿಯಿಂದ ಎಬ್ಬಿಸಿ ಇನ್ನೊಂದು ಊರಿನ ಡಬ್ಬಿಗೆ ಕಳಿಸಬಹುದು. ನಾವು ಪರಕಾಯ ಪ್ರವೇಶ ಎನ್ನುತ್ತೇವಲ್ಲ, ಅದು.

“ಹಂಗಾದ್ರ ಲುಕ್ಸಾನಾ ಇಲ್ಲ ಅನ್ನು,” ಎಂದೆ.

“ಐತಿ ತಾತ, ಭಾಳ ಐತಿ. ಒಬ್ಬೊಬ್ಬ ಬಾಡಿಗಿದಾರ ಒಂದೊಂದು ಮನಿ ಸಾಮಾನು ಹೊತ್ಕೊಂಡು ಬರ್ತಾನ, ಜಾಗ ತಿಂತಾನ. ನಡುವ ಒಂದು ಗ್ವಾಡಿ ಇರ್ತೈತಲ್ಲ, ಕೆಲಸ ನಿಧಾನ. ಮ್ಯಾಲಿನ ಹೊಲದಾಂವ ನೀರು ಎಳಕೊಂಡಂಗ ಪಕ್ಕದ್ದು ಶಕ್ತಿ ಎಳಕೊಂತೈತಿ. ಡಬ್ಬಿ ಸುಟ್ಟರ ಒಳಗಿದ್ದವೆಲ್ಲ ಒಟ್ಟಿಗೇ ಹೋಗ್ತಾವ. ಇನ್ನ ನಿದ್ದಿಯಿಂದ ಎದ್ದದ್ದಕ್ಕ ಹೊತ್ತೇ ಗೊತ್ತಿರಂಗಿಲ್ಲ. ಮಲಗಿದ ದಿನನಾ ಇನ್ನೂ ನಡದೈತಿ ಅನ್ಕೊಂತೈತಿ.”

ಕೊನೆಯ ಮಾತು ನನಗೆ ಆಗ ಲುಕ್ಸಾನು ಅನ್ನಿಸಲಿಲ್ಲ. ಅದನ್ನು ಕೇಳಿ ನನಗೆ ಆಸೆಯಾಯಿತು. ನಕಲು ಓಡಲು ಶುರುವಾದ ಮೇಲೆ ಮೂಲದ್ದು ಬೇಕಿರಲಿಲ್ಲ, ಆಕೆ ಅಳಿಸಲು ಕೂತಿದ್ದಳು. ನಾನೇ ಕೈ ಹಿಡಿದು, “ಅದೊಂದು ಇರಲಿ ಬಿಡವ್ವಾ,” ಎಂದೆ. ಅದು ಹಳೆಯ ಡಬ್ಬಿಯಲ್ಲಿ ಮಲಗಿಯೇ ಉಳಿಯಿತು. ಆಗಾಗ ಎಬ್ಬಿಸು ಎನ್ನುತ್ತಿದ್ದೆ. ಎಬ್ಬಿಸುತ್ತಿದ್ದಳು. ಆ ಮಿಟುಕುವ ಗೆರೆಯನ್ನು ನೋಡಿ, ಸಾಕು ಎನ್ನುತ್ತಿದ್ದೆ. ಅದು ಮತ್ತೆ ತನ್ನ ಮಧ್ಯಾಹ್ನಕ್ಕೆ ಮರಳಿ ಮಲಗುತ್ತಿತ್ತು.

ತಪ್ಪು ನಡೆದದ್ದು ಈ ಸಲದ ಮಹಾಲಯ ಅಮಾವಾಸ್ಯೆಯ ದಿನ. ಅವತ್ತು ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಅವರ ಬಟ್ಟೆ ಮಡಿಸಿಟ್ಟು, ಬಾಗಿಲು ತೆರೆದಿಡುತ್ತೇವೆ. ನನ್ನ ಹೆಂಡತಿ ಮಗನ ಅಂಗಿಯ ಮುಂದೆ ಕರಿಗಡಬು, ಬದನೆಕಾಯಿ ಪಲ್ಯ ಇಟ್ಟಳು. ಮೊಮ್ಮಗಳು ಆ ಯಂತ್ರವನ್ನೂ ಎಬ್ಬಿಸಿ ತೋರಿಸಿ, ಮಲಗಿಸಲು ಹೋದಳು.

ನಾನು ತಡೆದೆ. “ಹಿರೇರ ಅಮಾಸಿ ದಿನ ಬಾಗಲಾ ಹಾಕ್ತಾರೇನು? ಸಂಜಿತನಕ ಎಚ್ಚರ ಇರಲಿ.”

ಆಕೆ ಒಂದು ಕ್ಷಣ ಅನುಮಾನಿಸಿದಳು. ಆಮೇಲೆ ಆಕೆಗೂ ಬೇಡ ಎನ್ನಲು ಮನಸ್ಸಾಗಲಿಲ್ಲ.

ಆ ಯಂತ್ರಕ್ಕೆ ನಾಲ್ಕು ವರ್ಷ ಕಳೆದದ್ದು ಗೊತ್ತಿಲ್ಲ. ಅದು ತನ್ನ ಮಧ್ಯಾಹ್ನದಿಂದ ಮುಂದೆ ನಡೆಯಿತು. ಅದರ ಗಡಿಯಾರದಲ್ಲಿ ಸಂಜೆಯಾಗುತ್ತಲೇ, ಅರ್ಧಕ್ಕೆ ನಿಂತದ್ದನ್ನು ಅಲ್ಲೇ ಬಿಟ್ಟು, ಅವತ್ತಿನ ಮೊದಲ ಮೆಸೇಜನ್ನು ತೆಗೆಯಿತು. ಮಗ ಅದನ್ನು ಬೆಳಿಗ್ಗೆಯೇ ಬರೆದಿಟ್ಟಿದ್ದನಂತೆ. ‘ಇವತ್ತು ಸಂಜೆ ನೀರು ಬರ್ತೈತಿ. ಕೊನೀ ತೂಬಿನವರು ಹೋಗಿ ನಿಂದರ್ರಿ. — ಲಸ್ಕರನ ಮಗ’. ಎಲ್ಲರ ಫೋನಿಗೂ ಹೋಯಿತು. ನನ್ನ ಫೋನಿಗೂ ಬಂತು. ಜಗಲಿಯ ಮೇಲೆ ಕೂತು ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಒಳಗೆ ಎಡೆಯ ದೀಪ ಉರಿಯುತ್ತಿತ್ತು. ಮೊಮ್ಮಗಳನ್ನು ಕೂಗುವುದು ಬಿಟ್ಟು ಅದನ್ನೇ ಮತ್ತೆ ಓದಿದೆ.

ಮರುದಿನ ಬೆಳಿಗ್ಗೆ ಎಮ್ಮಿಗನೂರಿನ ಕಡೆಯ ಒಬ್ಬ ರೈತ ಮನೆಗೆ ಬಂದ. ನನ್ನ ವಾರಿಗೆಯವನು. ಕುಂದರು ಎಂದರೂ ಕೂರಲಿಲ್ಲ.

“ನಿನ್ನಿ ಹೋಗಿ ನಿಂತಿದ್ವಿ, ಇಪ್ಪತ್ತು ಮಂದಿ. ಕತ್ತಲಾಗೂತನ ನಿಂತಿದ್ವಿ,” ಎಂದ.

“ತಪ್ಪಾತು ಮಾರಾಯ. ಅದು ಹಳೇ ಯಂತ್ರ…”

“ನನಗ ಯಂತ್ರ ಗಿಂತ್ರ ಹೇಳಬ್ಯಾಡ. ಹೆಸರು ನೋಡಿದೆ, ಅಮಾಸಿ ಅಂತ ನೆನಪಾತು. ನಿನ್ನ ಮಗ ಕರದಾನ, ಹೋಗಾಕಬೇಕಲ್ಲ ಅನ್ಕೊಂಡು ಹೋದೆ. ನೀರು ಬರಂಗಿಲ್ಲ ಅಂತ ಗೊತ್ತಿತ್ತು. ಆದ್ರೂ ನಿಂತೆ.” ಬಾಗಿಲ ಕಡೆ ತಿರುಗಿ, “ಆದ್ರ ಆ ಪಂಪಿನಾಕಿಗೆ ಗೊತ್ತಿರಲಿಲ್ಲ,” ಎಂದ.

ಪಂಪಿನಾಕಿ ಎಂದರೆ ಕೊನೆಯ ತೂಬಿನ ಒಬ್ಬ ಒಂಟಿ ಹೆಂಗಸು. ಭತ್ತ ಹೊಡೆಗೆ, ಅಂದರೆ ತೆನೆ ಹೊರಡುವ ಹೊತ್ತಿಗೆ, ಬಂದಿತ್ತು. ಬಾಡಿಗೆಗೆ ತಂದಿದ್ದ ಪಂಪಿನ ಸರದಿ ಅವತ್ತು ಆಕೆಯದು. ನೀರು ಬರುತ್ತದಲ್ಲ ಎಂದು ಮೆಸೇಜು ನಂಬಿ ಪಂಪು ಪಕ್ಕದವರಿಗೆ ಬಿಟ್ಟುಕೊಟ್ಟಿದ್ದಳು. ಆಕೆಯ ಗದ್ದೆಯ ಒಂದು ಮೂಲೆ ಬಾಡಿತು. ಇದನ್ನು ಕೇಳಿ ಮೊಮ್ಮಗಳು ಅವತ್ತು ಅನ್ನದ ತಟ್ಟೆಯ ಮುಂದೆ ಕೂರಲೇ ಇಲ್ಲ.

ವಾರದೊಳಗೆ ಸಂಘದವರು ಕರೆದರು. ಅಧ್ಯಕ್ಷರು ಕೆಟ್ಟವರಲ್ಲ, ನನ್ನ ಕೈಯಿಂದಲೇ ನೀರು ಬಿಡಿಸಿಕೊಂಡು ಬೆಳೆದವರು. “ನೋಡವ್ವಾ, ನಿಮ್ಮಪ್ಪ ಬದುಕಿದ್ದಾಗ ಹೇಳಿದ್ದನ್ನ ನಂಬಿದ್ವಿ. ಸತ್ತಮ್ಯಾಲ ಹೇಳಿದ್ದನ್ನ ಹೆಂಗ ನಂಬೋಣ? ನಮ್ಮ ಮನ್ಯಾಗ ಹೆಂಗಸರು ಆ ಮೆಸೇಜ್ ನೋಡಿ ಫೋನಿಗೆ ಲಿಂಬಿಹಣ್ಣು ಇಳಿ ತೆಗದಾರ,” ಎಂದರು. ಎಲ್ಲರೂ ನಕ್ಕರು. ಮೊಮ್ಮಗಳು ನಗಲಿಲ್ಲ. ಆಕೆಗೆ ಒಂದೇ ಒಂದು ಸರದಿ ಕೊಟ್ಟರು. ಮುಂದಿನ ಸಲ ನೀರು ಬಿಟ್ಟಾಗ ಹೇಳಿದ ಹೊತ್ತು ತಪ್ಪಿದರೆ ಅಲ್ಲಿಗೆ ಎಲ್ಲ ಬಂದ್. ಆ ಹಳೆಯ ಯಂತ್ರ ಮಾತ್ರ ಎಲ್ಲಿಯೂ ಇರಕೂಡದು.

ನಾಲ್ಕು ದಿನ ಆಕೆ ನನ್ನ ಹತ್ತಿರ ಆ ಮಾತು ಎತ್ತಲಿಲ್ಲ. ಐದನೆಯ ದಿನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹಂಪಿಗೆ ಕರೆದೊಯ್ದಳು. ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿ ಜೋಡಿಸಿ ನೀರು ಹರಿಸುತ್ತಿದ್ದ ಜಾಗದಲ್ಲಿ ಕೂತೆವು. ಇಳಿಜಾರು ಇನ್ನೂ ಸರಿಯಾಗಿದೆ, ನೀರು ಬಿಟ್ಟರೆ ಇವತ್ತೂ ಹರಿದೀತು. ಲಸ್ಕರನ ಕಣ್ಣಿಗೆ ಅದು ಮೊದಲು ಕಾಣುತ್ತದೆ. ದೋಣಿಯೊಳಗೆ ಬರೀ ಬಿಸಿಲಿತ್ತು.

“ತಾತ, ಅಪ್ಪಂದು ಅಳಿಸಬೇಕು.”

“ಪೆನ್ ಡ್ರೈವಿಗೆ ಹಾಕಿ ನನ್ನ ಟ್ರಂಕಿನಾಗ ಇಡು. ಯಾರಿಗೆ ಗೊತ್ತಾಗ್ತೈತಿ?”

“ಇಟ್ಟರ ಎಬ್ಬಿಸ್ತೀವಿ.”

“ನಾ ಕೇಳಂಗಿಲ್ಲ ಬಿಡು, ಆಣಿ ಮಾಡ್ತೀನಿ.”

“ನಿನ್ನ ಮಾತಲ್ಲ. ನನ್ನ ಮಾತು.” ಆಕೆ ದೋಣಿಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. “ಅವ್ವ ಏಳೋದಕ್ಕ ಮದಲು ನಾನು ದಿನಾ ಎಬ್ಬಿಸ್ತೀನಿ ತಾತ. ಎದುರಿಗೆ ಕುಂತು ಕಾಯ್ತೀನಿ. ಅಪ್ಪ ಬಂದು ಆ ಸಾಲು ಮುಗಸ್ತಾನ ಅಂತ. ಎರಡು ವರ್ಷ ಆತು. ನನಗ ಇನ್ನ ಆಗವಲ್ದು.”

ನಾನು ಮುದುಕ, ನನಗೆ ಮಾತ್ರ ಅದು ಕಾಡುತ್ತದೆ ಎಂದುಕೊಂಡಿದ್ದೆ. ಇಪ್ಪತ್ತೊಂದು ವರ್ಷದ ಹುಡುಗಿ ಅದೇ ಮಧ್ಯಾಹ್ನದಲ್ಲಿ ದಿನವೂ ಒಬ್ಬಳೇ ಹೋಗಿ ಕೂರುತ್ತಿದ್ದಳು. ಆ ಬಾಗಿಲು ತೆರೆದಿಟ್ಟವನು ನಾನು.

“ಆತು, ಅಳಸು,” ಎಂದೆ.

ಮನೆಗೆ ಬಂದು ಆಕೆಯ ಅವ್ವನನ್ನು ಕರೆದೆವು. ನನ್ನ ಸೊಸೆ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಎಷ್ಟು ಕರೆದರೂ ಬರುತ್ತಿರಲಿಲ್ಲ. ಅವತ್ತು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು, ಪರದೆಯನ್ನು ಎರಡು ಸಲ ಓದಿದಳು.

“ಇಷ್ಟನಾ ಮಾವಾ? ಎರಡು ವರ್ಷ ನೀವಿಬ್ರೂ ನೋಡಿದ್ದು ಇದನ್ನಾ? ಇದರಾಗ ಮನಿ ಸುದ್ದಿ ಒಂದೂ ಇಲ್ಲ. ನಾ ಏನೋ ನನಗೊಂದು ಮಾತು ಬರದಿಟ್ಟಾರ, ಓದಿದ್ರ ತಡಕೊಳ್ಳಾಕ ಆಗಂಗಿಲ್ಲ ಅಂತ ಹೆದರಿದ್ದೆ. ಬರೇ ನೀರು, ನೀರು!” ಎಂದು ನಕ್ಕಳು. ನಗುತ್ತ ನಗುತ್ತ ಅಲ್ಲೇ ಗೋಡೆಗೆ ಒರಗಿ ಅತ್ತಳು.

ಮೊಮ್ಮಗಳು ಒತ್ತಿದಳು. ಖಂಡಿತ ಅಳಿಸಬೇಕೇ ಎಂದು ಯಂತ್ರ ಕೇಳಿತಂತೆ. ಹೌದು ಎಂದಳು. ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ತುಂಬಿಕೊಂಡು ಬಂತು. ಆಮೇಲೆ ಪರದೆ ಖಾಲಿ. ಅವನು ಮಾಡಿದ ಲೆಕ್ಕ ನಕಲಿನಲ್ಲಿ ಉಳಿಯಿತು. ಅವನ ಆ ಮಧ್ಯಾಹ್ನ ಹೋಯಿತು. ದೇವರ ಕೋಣೆಯ ಪಕ್ಕದಲ್ಲಿ ಆ ಡಬ್ಬಿಯ ಗುಂಯ್ ಸದ್ದು ನನಗೆ ಈಗಲೂ ಕೇಳುತ್ತದೆ. ಅದರ ತಂತಿ ಕಿತ್ತು ಎಷ್ಟೋ ದಿನವಾಯಿತು.

ನಿನ್ನೆಯ ಸರದಿ ಹೀಗೆ ನಡೆಯಿತು. ಹಿಂದಿನ ಸಂಜೆ ಮೇಲೆ ನೀರು ಬಿಟ್ಟಿದ್ದರು. ಬೆಳಿಗ್ಗೆ ನಾವಿಬ್ಬರೂ ಕೊನೆಯ ತೂಬಿಗೆ ಹೋದೆವು. ಆಕೆಯ ತೊಡೆಯ ಮೇಲೆ ಲ್ಯಾಪ್‌ಟಾಪು. ಪಂಪಿನಾಕೆಯೂ ಸಲಿಕೆ ಹಿಡಿದು ಬಂದಿದ್ದಳು, ನಮ್ಮ ಕಡೆ ನೋಡಲಿಲ್ಲ. ಅಧ್ಯಕ್ಷರು ಕೈಗಡಿಯಾರ ನೋಡುತ್ತಿದ್ದರು. ಮೆಸೇಜು ಹೋಗಬೇಕಾದ ಹೊತ್ತು ಹತ್ತಿರ ಬಂದಾಗ ಕಂಪ್ಲಿಯಲ್ಲಿ ಕರೆಂಟು ಹೋಯಿತು. ಸೋದರಮಾವನ ಫೋನು: “ಬ್ಯಾಟರಿ ಹತ್ತು ನಿಮಿಷ ಬರ್ತೈತಿ, ಜಲ್ದಿ ಏನರ ಮಾಡವ್ವಾ!”

ಆಕೆ ಕಂಪ್ಲಿಯಲ್ಲಿ ಓಡುತ್ತಿದ್ದ ಯಂತ್ರವನ್ನು ಓಡುತ್ತಿರುವಂತೆಯೇ ಎಬ್ಬಿಸಿ ಸಂಡೂರಿಗೆ ಕಳಿಸಿದಳು. ಬ್ಯಾಟರಿ ಮುಗಿಯುವ ಮೊದಲೇ ಅದು ಗುಡ್ಡ ದಾಟಿ ಸಂಡೂರಿನ ಡಬ್ಬಿಯಲ್ಲಿ ಕೂತಿತ್ತು. ಆದರೆ ಅಲ್ಲಿ ಲೆಕ್ಕ ತೆವಳತೊಡಗಿತು. ಅದೇ ಡಬ್ಬಿಯಲ್ಲಿ ನನ್ನ ಮಗಳು ಶಾಲೆಯ ಹುಡುಗರಿಗೆ ಮನೆಯಿಂದಲೇ ನಡೆಸುತ್ತಿದ್ದ ಪಾಠದ ಯಂತ್ರವೊಂದು ಶಕ್ತಿಯನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಫೋನು ಕಸಿದುಕೊಂಡು ನಾನೇ ಮಗಳಿಗೆ ಕೂಗಿದೆ: “ಲೇ, ಮ್ಯಾಲಿನ ತೂಬು ಇಳಿಸು! ನಿನ್ನ ಪಾಠ ಮಲಗಸು! ಕೊನಿಗೆ ನೀರು ಬರವಲ್ದು!”

“ಏನಂತಿ ಅಪ್ಪಾ?” ಎಂದಳು. ಆದರೆ ಲಸ್ಕರನ ಮಗಳು, ಕೇಳುತ್ತಲೇ ಅರ್ಥ ಮಾಡಿಕೊಂಡು ಪಾಠ ನಿಲ್ಲಿಸಿದಳು. ಮರುನಿಮಿಷ ದಂಡೆಯ ಮೇಲಿದ್ದ ಫೋನುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಹತ್ತೂವರೆಗೆ ನೀರು ಎಂದಿತ್ತು. ಯಾರ ಸಹಿಯೂ ಇರಲಿಲ್ಲ.

ಹತ್ತೂ ಇಪ್ಪತ್ತಕ್ಕೆ ನಾನು ಕಾಲುವೆಗೆ ಇಳಿದು ಒಣ ಮಣ್ಣಿಗೆ ಅಂಗೈ ಇಟ್ಟೆ. ಬರುವ ನೀರು ಬರುವುದಕ್ಕೆ ಮೊದಲು ಮಣ್ಣಿಗೆ ಗೊತ್ತಾಗುತ್ತದೆ. ಆಗ ನನ್ನ ಹಿಂದೆ ಸೈಕಲ್ಲಿನ ಚೈನಿನ ಸದ್ದು ಕೇಳಿದ ಹಾಗಾಯಿತು. ಈ ಸಲ ನಾನು ತಿರುಗಿ ನೋಡಲಿಲ್ಲ. ಮುಂದೆ ನೋಡಿದೆ. ದಂಡೆ ಹತ್ತಿ ನಿಂತೆ, ಸರಿಯಾಗಿ ಹತ್ತೂವರೆಗೆ ನೊರೆ ಕಾಣಿಸಿತು. ಪಂಪಿನಾಕೆ ಸಲಿಕೆ ಎತ್ತಿ ಗದ್ದೆಯ ಬಾಯಿಗೆ ಕಟ್ಟಿದ್ದ ಮಣ್ಣಿನ ಮಡೆ ಕಡಿದಳು, ನೀರು ಆಕೆಯ ಗದ್ದೆಗೆ ನುಗ್ಗಿತು. ಮೊಮ್ಮಗಳ ಹತ್ತಿರ ಬಂದು ಕೆಸರುಗೈಯಲ್ಲೇ ಗಲ್ಲ ಹಿಂಡಿ, “ಇನ್ನ ನೀ ಹೇಳಿದ್ರ ಪಂಪು ಬಿಡ್ತೀನಿ,” ಎಂದಳು. ಠರಾವು ಮಧ್ಯಾಹ್ನ ಬಂತು, ನಿಜ. ನನ್ನ ಮಟ್ಟಿಗೆ ಠರಾವು ಅದೇ.

ಸಂಜೆಗೆ ಸಂಡೂರಿನಿಂದ ಮಗಳು, ಕಂಪ್ಲಿಯಿಂದ ಸೋದರಮಾವ ಬಂದರು. ಹೆಂಡತಿ, ಸೊಸೆ ಕೂಡಿ ಹೋಳಿಗೆ ಮಾಡಿದರು. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಅನ್ನ, ಕಟ್ಟಿನ ಸಾರು. ಎಲ್ಲರೂ ಒಂದೇ ಸಾಲಿಗೆ ನೆಲದ ಮೇಲೆ ಕೂತೆವು. ಸೋದರಮಾವ ತನ್ನ ಬ್ಯಾಟರಿ ಇಲ್ಲದಿದ್ದರೆ ಊರೇ ಮುಳುಗುತ್ತಿತ್ತು ಎನ್ನುವಂತೆ ಹೇಳುತ್ತಿದ್ದ. ಮಗಳು, “ನನ್ನ ಪಾಠ ನಿಲ್ಲಿಸಿದ್ದಕ್ಕ ಹುಡುಗರು ಚಪ್ಪಾಳಿ ಹೊಡದ್ರು ನೋಡು,” ಎಂದಳು. ಮೊಮ್ಮಗಳು ಎಷ್ಟೋ ದಿನದ ಹಸಿವು ಇಟ್ಟುಕೊಂಡವಳಂತೆ ತಲೆ ಎತ್ತದೆ ಉಣ್ಣುತ್ತಿದ್ದಳು.

ಸೊಸೆ ಕೊನೆಗೆ ತಟ್ಟೆ ತಂದು ತನ್ನ ಮಗಳ ಪಕ್ಕದಲ್ಲಿ ಕೂತಳು. “ಇನ್ನೊಂದು ಹೋಳಿಗಿ ಹಾಕ್ಲಿ?” ಎಂದು ಕೇಳಿದಳು.

“ಹಾಕವ್ವಾ, ತುಪ್ಪನೂ ಹಾಕು,” ಎಂದಳು ಹುಡುಗಿ, ಬಾಯಿ ತುಂಬ ತುತ್ತು ಇಟ್ಟುಕೊಂಡೇ.